ನಡುನೀರಿನಲ್ಲಿ ಕೈಕೊಡುವ ಕಿಡಿ

ಹಳೆಯ ಮೋಟಾರನ್ನು ಕಟ್ಟಿಕೊಂಡ ದೋಣಿಯೊಂದು ದಡ ಬಿಟ್ಟು ಹೊರಡುತ್ತದೆ. ಹಗ್ಗವನ್ನು ಎರಡು ಬಾರಿ ಎಳೆಯುವಷ್ಟರಲ್ಲಿ ಯಂತ್ರವು ಎಚ್ಚೆತ್ತು ಹತ್ತು ನಿಮಿಷ ಸೊಗಸಾಗಿ ಓಡುವುದು. ಸರೋವರದ ನಡುಭಾಗಕ್ಕೆ ಬರುವ ಹೊತ್ತಿಗೆ ಎರಡು ಸಲ ಕೆಮ್ಮಿ ಸುಮ್ಮನಾಗುವುದು. ಹುಟ್ಟು ಹಾಕಿ ದಡ ಸೇರಿದ ಮೇಲೆ ಮತ್ತೆ ಎಳೆದರೆ, ಏನೂ ನಡೆದೇ ಇಲ್ಲವೆಂಬಂತೆ ಚಾಲೂ ಆಗುವುದು! ಗಾಳಿಯೆದ್ದ ಸಂಜೆಯಲ್ಲಿ, ಹುಟ್ಟುಗಳಿಲ್ಲದ ದೋಣಿಯಲ್ಲಿ, ಈ ತುಂಟತನ ಪ್ರಾಣಕ್ಕೆ ಎರವಾಗಬಹುದು. 1950ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ಜಾನ್ಸನ್, ಎವಿನ್‌ರೂಡ್ ಮೋಟಾರುಗಳನ್ನು ಇಂದಿಗೂ ಜೋಪಾನವಾಗಿ ಉಳಿಸಿಕೊಂಡಿರುವವರಿಗೆ ಈ ಲಕ್ಷಣ ಚಿರಪರಿಚಿತ.

ದೋಣಿಯ ಹಿಂಬದಿಗೆ ತಗುಲಿಹಾಕುವ ಇಂಥ ಮೋಟಾರಿಗೆ ಔಟ್‌ಬೋರ್ಡ್ ಎಂದು ಹೆಸರು. ನಾರ್ವೆಯಲ್ಲಿ ಹುಟ್ಟಿ ವಿಸ್ಕಾನ್ಸಿನ್ನಿನಲ್ಲಿ ಬೆಳೆದ ಓಲೆ ಎವಿನ್‌ರೂಡನು 1909ರಲ್ಲಿ ಇದನ್ನು ಮಿಲ್ವಾಕಿಯಲ್ಲಿ ಮಾರಾಟಕ್ಕೆ ತಂದನು. ತನ್ನ ಪ್ರೇಯಸಿಗೆ ಐಸ್‌ಕ್ರೀಮ್ ತರಲೆಂದು ಬಿಸಿಲಿನಲ್ಲಿ ಸರೋವರದಾಚೆಗೆ ಹುಟ್ಟು ಹಾಕಿ, ಅದು ಕರಗಿಹೋದ ಬೇಸರದಲ್ಲಿ ಅವನಿಗೆ ಈ ಯೋಚನೆ ಹೊಳೆಯಿತೆಂದು ಒಂದು ಕಥೆಯುಂಟು. ಎವಿನ್‌ರೂಡ್ ಹೆಸರಿನ ಮೋಟಾರುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು.

ಈ ಮೋಟಾರಿನಲ್ಲಿ ಬ್ಯಾಟರಿಯಿಲ್ಲ. ಹಾಗಾದರೆ ಪೆಟ್ರೋಲನ್ನು ಹೊತ್ತಿಸುವ ಕಿಡಿ ಎಲ್ಲಿಂದ ಬರುವುದು? ಮೋಟಾರಿನ ನೆತ್ತಿಯ ಮೇಲೆ ಭಾರವಾದ ಫ್ಲೈವೀಲ್ ಚಕ್ರವಿದೆ. ಅದರ ಅಂಚಿನೊಳಗೆ ಅಯಸ್ಕಾಂತವನ್ನು ಹುದುಗಿಸಿದ್ದಾರೆ; ಚಕ್ರದಡಿಯ ತಟ್ಟೆಯ ಮೇಲೆ ಕಬ್ಬಿಣದ ತಿರುಳಿಗೆ ಸುತ್ತಿದ ತಂತಿಯ ಸುರುಳಿಗಳಿವೆ. ಅಯಸ್ಕಾಂತವು ಸುರುಳಿಯನ್ನು ಹಾದುಹೋದಾಗ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದು. 1831ರಲ್ಲಿ ಫ್ಯಾರಡೆಯು ಕಂಡುಹಿಡಿದ ತತ್ತ್ವವೇ ಇದು. ಈ ಇಡೀ ಏರ್ಪಾಡಿಗೆ ಮ್ಯಾಗ್ನೆಟೊ ಎನ್ನುತ್ತಾರೆ.

ಆದರೆ ಹೀಗೆ ಹುಟ್ಟುವ ಒತ್ತಡ ಅತ್ಯಲ್ಪ. ಒಂದು ಮಿಲಿಮೀಟರು ಗಾಳಿಯನ್ನು ದಾಟಲು ಕಿಡಿಗೆ ಸುಮಾರು 3,000 ವೋಲ್ಟು ಬೇಕು. ಸಿಲಿಂಡರಿನೊಳಗಿನ ಒತ್ತಿದ ಗಾಳಿಯಲ್ಲಿ ಇನ್ನೂ ಹೆಚ್ಚು. ಆದುದರಿಂದಲೇ ಸುರುಳಿಯಲ್ಲಿ ಎರಡು ಸುತ್ತುಗಳು: ಒಳಗೆ ದಪ್ಪ ತಂತಿಯ ಕೆಲವೇ ಸುತ್ತು, ಹೊರಗೆ ಕೂದಲೆಳೆಯಂಥ ತಂತಿಯ ಸಹಸ್ರಾರು ಸುತ್ತು. ಒಳಸುತ್ತಿನ ಪ್ರವಾಹವು ಪಾಯಿಂಟ್ ಎಂಬ ಎರಡು ಲೋಹದ ಗುಬುಟುಗಳ ಮೂಲಕ ಹರಿಯುತ್ತಿರುವಾಗ, ಕ್ರ್ಯಾಂಕ್ ದಂಡದ ಮೇಲಿನ ಉಬ್ಬು ಅವನ್ನು ಥಟ್ಟನೆ ಬೇರ್ಪಡಿಸುವುದು. ಪ್ರವಾಹ ಹಠಾತ್ತನೆ ಕುಸಿಯುವುದು. ಆ ಕುಸಿತದಿಂದ ಹೊರಸುತ್ತಿನಲ್ಲಿ ಸಾವಿರಾರು ವೋಲ್ಟುಗಳೇಳುವುವು. ನಿಮಿಷಕ್ಕೆ 3,600 ಸುತ್ತು ತಿರುಗುವಾಗ ಪ್ರತಿ ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 60 ಬಾರಿ ಇದು ನಡೆಯತಕ್ಕದ್ದು.

ಪಾಯಿಂಟುಗಳು ಬೇರೆಯಾದೊಡನೆ ಪ್ರವಾಹ ತಾನಾಗಿಯೇ ನಿಲ್ಲಬೇಕಲ್ಲವೆ ಎಂದು ನೀವು ಕೇಳಬಹುದು. ಇಲ್ಲ. ಇಳಿಜಾರಿನಲ್ಲಿ ಓಡುವ ಗಾಡಿಯಂತೆ ಅದು ಮುಂದೆ ನುಗ್ಗಲೆಳಸಿ, ಪಾಯಿಂಟುಗಳ ನಡುವೆಯೇ ಹಾರಿ ಅವನ್ನು ಸುಡುವುದು. ಅದನ್ನು ಕ್ಷಣಕಾಲ ನುಂಗಿಕೊಳ್ಳಲು ಪಕ್ಕದಲ್ಲಿ ಬೆರಳಿನ ತುದಿಯಷ್ಟು ಗಾತ್ರದ ಕಂಡೆನ್ಸರನ್ನು ಕೂರಿಸಿದ್ದಾರೆ. ಸುಮಾರು 0.2 ಮೈಕ್ರೊಫ್ಯಾರಡ್ ಧಾರಣಶಕ್ತಿಯ ಈ ಡಬ್ಬಿ ಕೆಟ್ಟರೆ ಕಿಡಿಯೇ ಸೊರಗುವುದು.

ಇನ್ನು ರೋಗಪರೀಕ್ಷೆ. ಬಿಸಿಯಾದಾಗ ನಿಂತು, ತಣಿದಾಗ ಓಡುವ ಮೋಟಾರಿನಲ್ಲಿ ಮೊದಲು ಸಂಶಯಿಸಬೇಕಾದುದು ಸುರುಳಿಯನ್ನೇ. ಆ ಕಾಲದ ಸುರುಳಿಗಳ ಗಟ್ಟಿ ಹೊದಿಕೆ ವರ್ಷಗಳುರುಳಿದಂತೆ ಬಿರುಕು ಬಿಡುವುದು; ಬಿಸಿಗೆ ಬಿರುಕು ಹಿಗ್ಗಿ, ಒಳಸೇರಿದ ತೇವದ ಹಾದಿಯಾಗಿ ವಿದ್ಯುತ್ತು ಸೋರಿಹೋಗುವುದು. ತಣ್ಣಗಿರುವ ಸುರುಳಿಯನ್ನು ಮೀಟರಿನಿಂದ ಅಳೆದರೆ ಎಲ್ಲವೂ ಸರಿಯೆಂದೇ ತೋರಬಹುದು. ಇಲ್ಲಿ ಮೀಟರಿಗಿಂತ ಕಣ್ಣನ್ನು ನಂಬುವುದು ಲೇಸು.

ಚಕ್ರದ ನಟ್ಟನ್ನು ಬಿಚ್ಚಿ, ನಡುವಿನ ರಂಧ್ರಗಳಿಗೆ ಪುಲ್ಲರ್ ಸಾಧನವನ್ನು ಬಿಗಿದು ಚಕ್ರವನ್ನೆತ್ತಬೇಕು. ಅಂಚಿಗೆ ಸುತ್ತಿಗೆಯೇಟು ಕೊಡುವ ಆತುರಗಾರರು ಚಕ್ರವನ್ನೂ ದಂಡವನ್ನೂ ಒಟ್ಟಿಗೆ ಕೆಡಿಸಿದ್ದುಂಟು. ಬಿರಿದ ಸುರುಳಿಗೆ ಔಷಧವಿಲ್ಲ, ಹೊಸದನ್ನೇ ಹಾಕತಕ್ಕದ್ದು. ಅದರ ತಿರುಳಿನ ಪಾದಗಳು ತಟ್ಟೆಯ ಮೇಲಿನ ಉಬ್ಬುಗಳ ಅಂಚಿಗೆ ಸಮನಾಗಿ ಕೂರಬೇಕು: ಹೊರಚಾಚಿದರೆ ಅಯಸ್ಕಾಂತಕ್ಕೆ ಉಜ್ಜುವುದು, ಒಳಸರಿದರೆ ಕಿಡಿ ಮಂಕಾಗುವುದು. ಪಾಯಿಂಟುಗಳಿಗೆ ಕಪ್ಪು ಹಿಡಿದಿದ್ದರೆ ನಯವಾದ ಅರದಿಂದ ಉಜ್ಜಿ, ಶುದ್ಧವಾದ ಕಾಗದದ ಚೂರನ್ನು ನಡುವೆ ಎಳೆದು ಎಣ್ಣೆಯ ಪಸೆಯನ್ನು ತೆಗೆಯಿರಿ. ಹೊಸ ಪಾಯಿಂಟುಗಳ ಮೇಲೂ ಆ ಪಸೆಯಿರುವುದನ್ನು ಅನೇಕರು ಮರೆಯುತ್ತಾರೆ. ಉಬ್ಬಿನ ತುತ್ತತುದಿಯಲ್ಲಿ ಪಾಯಿಂಟುಗಳ ಅಂತರ 0.020 ಅಂಗುಲ, ಅಂದರೆ ಸುಮಾರು ಅರ್ಧ ಮಿಲಿಮೀಟರು ಇರಬೇಕು; ಫೀಲರ್ ಗೇಜಿನ ಹಾಳೆಯಿಂದ ಅಳೆಯಿರಿ. ಅಂತರ ಹೆಚ್ಚಿದರೆ ಪಾಯಿಂಟುಗಳು ಬೇಗ ತೆರೆದು ಕಿಡಿ ಹೊತ್ತಿಗೆ ಮುಂಚೆಯೇ ಹಾರುವುದು.

ಚಕ್ರವನ್ನು ಮರಳಿ ಕೂರಿಸುವಾಗ ದಂಡದ ಓರೆಮೈ ಎಣ್ಣೆಯಿಲ್ಲದೆ ಒಣಗಿರಲಿ. ಅಲ್ಲಿರುವ ಪುಟ್ಟ ಕೀಲು ತುಂಡಾಗಿದ್ದರೆ ಅಷ್ಟೂ ಶ್ರಮ ವ್ಯರ್ಥ, ಏಕೆಂದರೆ ಕಿಡಿಯ ಕಾಲವೇ ಜಾರಿಹೋಗಿರುವುದು. ಬಳಿಕ ಪ್ಲಗ್ಗುಗಳನ್ನು ಬಿಚ್ಚಿಟ್ಟು, ಕಿಡಿ ಪರೀಕ್ಷಿಸುವ ಸಾಧನದಲ್ಲಿ ಸುಮಾರು ಆರು ಮಿಲಿಮೀಟರು ಅಂತರವಿಟ್ಟು ಹಗ್ಗವನ್ನೆಳೆಯಿರಿ. ಪ್ಲಗ್ಗಿನ ರಂಧ್ರದಿಂದ ಪೆಟ್ರೋಲಿನ ಆವಿ ಹೊರಬರುವುದರಿಂದ ಸಾಧನವನ್ನು ಅದರ ಬಾಯಿಂದ ದೂರವಿರಿಸಿ. ನೀಲಿಯಾದ, ಚಟಚಟನೆ ಸಿಡಿಯುವ ಕಿಡಿ ಎರಡೂ ತಂತಿಗಳಲ್ಲಿ ಕಾಣಬೇಕು.

ಇಷ್ಟಾದ ಮೇಲೆ ಮೋಟಾರನ್ನು ನೀರು ತುಂಬಿದ ಪೀಪಾಯಿಯಲ್ಲಿ ನಿಲ್ಲಿಸಿ ಓಡಿಸಿ. ನೀರಿಲ್ಲದೆ ಓಡಿಸಿದರೆ ಪಂಪಿನ ರಬ್ಬರು ರೆಕ್ಕೆಗಳು ಸುಟ್ಟುಹೋಗುವುವು. ಹತ್ತು ನಿಮಿಷಕ್ಕೆ ತೃಪ್ತರಾಗಬೇಡಿ, ಹಳೆಯ ಸುರುಳಿಯೂ ಅಷ್ಟು ಹೊತ್ತು ಓಡುತ್ತಿತ್ತು. ಅರ್ಧ ಗಂಟೆ ಓಡಲಿ, ಚೆನ್ನಾಗಿ ಬಿಸಿಯಾಗಲಿ. ಅದಾದ ಮೇಲೂ ಮೊದಲ ಪ್ರಯಾಣಕ್ಕೆ ಹುಟ್ಟುಗಳು ದೋಣಿಯಲ್ಲಿರಲಿ.