ದಾಳ ಉರುಳದಿದ್ದಾಗ: ಎಕ್ಸ್‌ಟೆನ್ಶನ್‌ಗಳ ಜಗಳ ಬಿಡಿಸುವ ಬಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಅಮೆರಿಕದಲ್ಲಿ ಮೊದಲು ಅಚ್ಚಾದದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟಕ್ಕೆ ಬೇಕಿದ್ದದ್ದು ಮೇಜು, ಕಾಗದ, ಪೆನ್ಸಿಲ್, ಹಲವು ಮುಖದ ದಾಳಗಳು ಮತ್ತು ಬಿಡುವಿರುವ ನಾಲ್ಕಾರು ಗೆಳೆಯರು. ಹೊಂದಿಸಲು ಕಷ್ಟವಾದದ್ದು ಕೊನೆಯದೇ. ಗೆಳೆಯರು ದಿಕ್ಕಿಗೊಬ್ಬರಂತೆ ಚದುರಿದ ಮೇಲೆ ಮೇಜೇ ಬ್ರೌಸರ್‌ನೊಳಗೆ ಬಂತು. 2012ರಲ್ಲಿ ರೋಲ್20, 2020ರಲ್ಲಿ ಫೌಂಡ್ರಿ ಶುರುವಾದವು.

ಇಂಥ ತಾಣ ನೋಡಲು ಒಂದು ಪುಟ, ಒಳಗೆ ಮಾತ್ರ ಹಲವು ಯಂತ್ರಗಳ ಕೂಟ. ನಕ್ಷೆಯನ್ನೂ ಅದರ ಮೇಲಿನ ಬೆಳಕು ನೆರಳನ್ನೂ ಬಿಡಿಸಲು ವೆಬ್‌ಜಿಎಲ್ ಮೂಲಕ ಗ್ರಾಫಿಕ್ಸ್ ಕಾರ್ಡ್ ದುಡಿಯುತ್ತದೆ. ಒಬ್ಬರು ಸರಿಸಿದ ಕಾಯಿ ಉಳಿದವರಿಗೂ ಕಾಣಲು ಸರ್ವರ್ ಜೊತೆ ಸಂಪರ್ಕ ಸದಾ ತೆರೆದಿರಬೇಕು. ಮಾತುಕತೆಗೆ ವೆಬ್‌ಆರ್‌ಟಿಸಿ ಬೇಕು. ಆಟಕ್ಕೆ ಕೂತಾಗ ಐವರಲ್ಲಿ ಒಬ್ಬರಿಗೆ ಮಾತ್ರ ನಕ್ಷೆ ಕಪ್ಪಾಗಿ ಕಂಡರೆ ಅದೇ ಮೊದಲ ಸುಳಿವು. ಉಳಿದ ನಾಲ್ವರಿಗೆ ಎಲ್ಲವೂ ಸರಿಯಿದ್ದರೆ ಸರ್ವರ್ ಬಹುಮಟ್ಟಿಗೆ ನಿರಪರಾಧಿ. ಹುಡುಕಬೇಕಾದದ್ದು ಆ ಒಬ್ಬರ ಕಂಪ್ಯೂಟರ್‌ನಲ್ಲಿ. ಅಲ್ಲಿ ಸಾಮಾನ್ಯವಾಗಿ ಅನುಮಾನ ಬರುವುದು ಬ್ರೌಸರ್‌ಗೆ ಸೇರಿಸಿಕೊಂಡ ಎಕ್ಸ್‌ಟೆನ್ಶನ್‌ಗಳ ಮೇಲೆ.

ಎಕ್ಸ್‌ಟೆನ್ಶನ್ ಪುಟದೊಳಗೆ ತನ್ನದೇ ಕೋಡ್ ತೂರಿಸುತ್ತದೆ. ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ, ಪ್ರತಿ ಎಕ್ಸ್‌ಟೆನ್ಶನ್‌ನ ಕೋಡನ್ನು ಬೇರೆ ಬೇರೆ ಆವರಣದಲ್ಲಿಟ್ಟು ಓಡಿಸುತ್ತವೆ. ಒಂದರ ಲೆಕ್ಕಾಚಾರ ಇನ್ನೊಂದಕ್ಕೆ ಕಾಣುವುದಿಲ್ಲ. ಆದರೆ ಪುಟ ಮಾತ್ರ ಎಲ್ಲಕ್ಕೂ ಒಂದೇ. ಪರಸ್ಪರ ಮುಖ ನೋಡದ ಇಬ್ಬರು ಮೇಷ್ಟ್ರು ಒಂದೇ ಕರಿಹಲಗೆಯ ಮೇಲೆ ಬರೆಯುತ್ತ ಅಳಿಸುತ್ತ ಇದ್ದಂತೆ. ಪುಟದಲ್ಲಿ ಬದಲಾವಣೆ ಕಂಡರೆ ಎಚ್ಚರಗೊಳ್ಳುವಂತೆ ಎರಡನ್ನೂ ಬರೆದಿದ್ದರಂತೂ, ಒಂದು ಬಣ್ಣ ಬದಲಿಸುವುದು, ಇನ್ನೊಂದು ಅದನ್ನು ಮತ್ತೆ ತಿರುಗಿಸುವುದು, ಹೀಗೆ ಕೊನೆಯಿಲ್ಲದೆ ನಡೆದು ಲ್ಯಾಪ್‌ಟಾಪ್ ಫ್ಯಾನ್ ಭೋರ್ಗರೆಯುತ್ತದೆ.

ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಪುಟದ ಕೋರಿಕೆಗಳನ್ನು ತನ್ನ ಪಟ್ಟಿಯೊಂದಿಗೆ ತಾಳೆ ನೋಡಿ ಕೆಲವನ್ನು ತಡೆಯುತ್ತದೆ. ಆಟದ ಚಿತ್ರದ ವಿಳಾಸವೋ ಕೋಡ್ ಫೈಲೋ ಆ ಪಟ್ಟಿಯ ಯಾವುದೋ ನಿಯಮಕ್ಕೆ ಅಕಸ್ಮಾತ್ ಹೊಂದಿದರೆ ಅದೂ ಹೊರಗೇ ಉಳಿಯುತ್ತದೆ. ಎಫ್12 ಒತ್ತಿ ಕನ್ಸೋಲ್ ತೆರೆದು ನೋಡಿ: 'ಬ್ಲಾಕ್ಡ್ ಬೈ ಕ್ಲೈಂಟ್' ಎಂಬ ಕೆಂಪು ಸಾಲಿದ್ದರೆ ತಡೆದದ್ದು ಸರ್ವರ್ ಅಲ್ಲ, ನಿಮ್ಮ ಬ್ರೌಸರ್‌ನಲ್ಲೇ ಕೂತ ಯಾವುದೋ ಎಕ್ಸ್‌ಟೆನ್ಶನ್. ಐಪಿ ವಿಳಾಸ ಸೋರದಂತೆ ವೆಬ್‌ಆರ್‌ಟಿಸಿಗೆ ಕಡಿವಾಣ ಹಾಕುವ ವಿಪಿಎನ್ ಎಕ್ಸ್‌ಟೆನ್ಶನ್ ಆಟದ ಧ್ವನಿಯನ್ನೂ ಕತ್ತರಿಸಬಹುದು. ಕನ್ನಡ ಟೈಪಿಂಗ್‌ಗೆಂದು ಹಾಕಿಕೊಂಡದ್ದು ಚಾಟ್ ಪೆಟ್ಟಿಗೆಯಲ್ಲೂ ಚಾಲೂ ಇದ್ದರೆ ಇನ್ನೊಂದು ತಮಾಷೆ: ಸ್ಲ್ಯಾಶ್ ಹಾಕಿ ಇಂಗ್ಲಿಷ್‌ನಲ್ಲಿ ರೋಲ್ ಎಂದು ಟೈಪಿಸಿದ್ದು ಕನ್ನಡ ಲಿಪಿಗೆ ಮಗುಚಿಕೊಂಡು, ಆಟದ ತಂತ್ರಾಂಶಕ್ಕೆ ಅದು ಆಜ್ಞೆಯೆಂದೇ ತಿಳಿಯುವುದಿಲ್ಲ. ಇನ್ನು ಆಟಗಾರರೇ ಬಯಸಿ ಹಾಕಿಕೊಳ್ಳುವ ಬಿಯಾಂಡ್20 ಥರದವು ಒಂದು ತಾಣದಲ್ಲಿರುವ ಪಾತ್ರದ ಹಾಳೆಯನ್ನು ಓದಿ ಇನ್ನೊಂದು ತಾಣಕ್ಕೆ ದಾಳದ ಎಸೆತ ಕಳಿಸುತ್ತವೆ. ಎರಡರಲ್ಲಿ ಯಾವ ತಾಣ ತನ್ನ ಪುಟದ ಕಟ್ಟಡ ಬದಲಿಸಿದರೂ ಇವು ತಡವರಿಸುವುದು ಸಹಜ.

ಅನುಮಾನ ಬಂದ ಕೂಡಲೇ ಎಲ್ಲರೂ ಕೊಡುವ ಸಲಹೆ, ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡು ಎಂದು. ಅಲ್ಲಿ ನಾವಾಗಿ ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಶನ್‌ಗಳು ಓಡುವುದಿಲ್ಲ. ಸಲಹೆ ಒಳ್ಳೆಯದೇ, ಆದರೆ ಪ್ರಯೋಗವಾಗಿ ಅರೆಬರೆ. ಆ ಕಿಟಕಿಯಲ್ಲಿ ಹಳೆಯ ಕುಕಿಗಳೂ ಕ್ಯಾಶೆಯೂ ಇರುವುದಿಲ್ಲ. ಏಕಕಾಲಕ್ಕೆ ಎರಡು ಸಂಗತಿ ಬದಲಿಸಿದ ಮೇಲೆ, ನಕ್ಷೆ ಸರಿಯಾದದ್ದು ಯಾವುದರಿಂದ ಎಂದು ಹೇಗೆ ಹೇಳುವುದು? ಫೈರ್‌ಫಾಕ್ಸ್‌ನ ಟ್ರಬಲ್‌ಶೂಟ್ ಮೋಡ್‌ನಲ್ಲೂ ಇದೇ ತೊಡಕು. ಅದು ಎಕ್ಸ್‌ಟೆನ್ಶನ್‌ಗಳ ಜೊತೆಗೆ ಗ್ರಾಫಿಕ್ಸ್ ಕಾರ್ಡಿನ ಸಹಾಯವನ್ನೂ ನಿಲ್ಲಿಸುತ್ತದೆ. ವೆಬ್‌ಜಿಎಲ್ ನಕ್ಷೆಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ನಿಖರವಾದ ದಾರಿ ಎಂದರೆ ಮಾಮೂಲಿ ಕಿಟಕಿಯಲ್ಲೇ ಇದ್ದು, ಎಕ್ಸ್‌ಟೆನ್ಶನ್ ಪುಟಕ್ಕೆ ಹೋಗಿ, ಅವುಗಳನ್ನಷ್ಟೇ ಆರಿಸುವುದು. ಆರಿಸಿದ ಮೇಲೆ ಆಟದ ಟ್ಯಾಬ್ ಅನ್ನು ಮರುಲೋಡ್ ಮಾಡಲೇಬೇಕು. ಈಗಾಗಲೇ ಪುಟದೊಳಗೆ ಸೇರಿದ ಕೋಡ್ ಸ್ವಿಚ್ ಒತ್ತಿದಾಕ್ಷಣ ಹೊರಗೆ ಹೋಗುವುದಿಲ್ಲ. ಇದನ್ನು ಮರೆತು ತಪ್ಪು ತೀರ್ಮಾನಕ್ಕೆ ಬರುವವರು ಬಹಳ.

ಎಲ್ಲ ಆರಿಸಿದಾಗ ಆಟ ಸರಿಯಾಯಿತು ಎನ್ನೋಣ. ಹದಿನಾರು ಎಕ್ಸ್‌ಟೆನ್ಶನ್‌ಗಳಿದ್ದರೆ ಒಂದೊಂದಾಗಿ ನೋಡುತ್ತ ಕೂರಬೇಕಿಲ್ಲ. ಎಂಟನ್ನು ಹಚ್ಚಿ ನೋಡಿ. ತೊಂದರೆ ಬಂದರೆ ತಪ್ಪಿತಸ್ಥ ಆ ಎಂಟರಲ್ಲಿದೆ, ಬರದಿದ್ದರೆ ಇನ್ನೊಂದು ಎಂಟರಲ್ಲಿ. ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ನಾಲ್ಕೇ ಪರೀಕ್ಷೆಯಲ್ಲಿ ಒಂದು ಹೆಸರು ಉಳಿಯುತ್ತದೆ. ವಿಎಸ್ ಕೋಡ್ ಎಂಬ ಕೋಡ್ ಬರೆಯುವ ತಂತ್ರಾಂಶವು 2020ರಿಂದ ತನ್ನ ಎಕ್ಸ್‌ಟೆನ್ಶನ್‌ಗಳಿಗೆ ಈ ಅರ್ಧ ಮಾಡುವ ಕೆಲಸವನ್ನು ತಾನೇ ಮಾಡಿಕೊಡುತ್ತಿದೆ.

ಈ ಲೆಕ್ಕದ ಹಿಂದೆ ಒಂದು ಊಹೆ ಅಡಗಿದೆ: ತಪ್ಪಿತಸ್ಥ ಒಬ್ಬನೇ ಎಂಬುದು. ಮೊದಲ ಎಂಟು ಹಚ್ಚಿದರೂ ಆಟ ಸರಿ, ಎರಡನೆಯ ಎಂಟು ಹಚ್ಚಿದರೂ ಸರಿ, ಹದಿನಾರೂ ಸೇರಿದರೆ ಮಾತ್ರ ಕಪ್ಪು ಪರದೆ ಎಂದಾದರೆ? ಆಗ ಇದು ಜೋಡಿಯ ಕೆಲಸ. ಹದಿನಾರರಲ್ಲಿ 120 ಜೋಡಿಗಳಿವೆ. ಅಷ್ಟನ್ನೂ ಪರೀಕ್ಷಿಸುವ ಹೊತ್ತಿಗೆ ಗೆಳೆಯರು ಮಲಗಲು ಹೋಗಿರುತ್ತಾರೆ.

ಈ ಗಂಟನ್ನು ಬಿಡಿಸುವ ವಿಧಾನವನ್ನು ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಆಂಡ್ರಿಯಾಸ್ ಜೆಲ್ಲರ್ 1999ರ ಪ್ರಬಂಧವೊಂದರಲ್ಲಿ ಕೊಟ್ಟರು. ಹೆಸರು ಡೆಲ್ಟಾ ಡೀಬಗ್ಗಿಂಗ್. ಅವರ ಮುಂದಿದ್ದದ್ದು ಜಿಡಿಬಿ ಎಂಬ ತಂತ್ರಾಂಶದ ಹೊಸ ಆವೃತ್ತಿ. ಅದನ್ನು ಹಾಕಿಕೊಂಡರೆ ಅದರ ಮೇಲೆ ಕೆಲಸ ಮಾಡುವ ಡಿಡಿಡಿ ಎಂಬ ಇನ್ನೊಂದು ತಂತ್ರಾಂಶ ಕೈಕೊಡುತ್ತಿತ್ತು. ಎರಡು ಆವೃತ್ತಿಗಳ ನಡುವೆ ಬದಲಾಗಿದ್ದದ್ದು 1,78,000 ಸಾಲು. ತೊಂದರೆ ತಂದದ್ದು ಒಂದೇ ಸಾಲು. ಜಿಡಿಬಿ ತೋರಿಸುವ ಒಂದು ವಾಕ್ಯದಲ್ಲಿ ಪದ ಬದಲಾಗಿತ್ತು, ಡಿಡಿಡಿ ಹಳೆಯ ಪದಕ್ಕೇ ಕಾದು ಕೂತಿತ್ತು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಕೆಟ್ಟಿರಲಿಲ್ಲ.

ಜೆಲ್ಲರ್ ದಾರಿಯನ್ನು ನಮ್ಮ ಆಟಕ್ಕೆ ತಂದರೆ ಹೀಗೆ: ಎರಡನೆಯ ಎಂಟನ್ನು ಪೂರ್ತಿ ಹಚ್ಚಿಟ್ಟು, ಮೊದಲ ಎಂಟನ್ನು ಅರ್ಧರ್ಧ ಮಾಡುತ್ತ ಹೋಗಿ. ಮೂರು ಪರೀಕ್ಷೆಗೆ ಜೋಡಿಯ ಒಂದು ತಲೆ ಸಿಗುತ್ತದೆ. ಅದನ್ನು ಹಚ್ಚಿಟ್ಟುಕೊಂಡು ಎರಡನೆಯ ಎಂಟನ್ನು ಅದೇ ರೀತಿ ಒಡೆದರೆ, ಇನ್ನು ಮೂರಕ್ಕೆ ಎರಡನೆಯ ತಲೆ. ಆರಂಭದ ಎರಡು ಪರೀಕ್ಷೆ ಸೇರಿಸಿದರೂ 120ರ ಜಾಗದಲ್ಲಿ ಎಂಟು.

ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬಾರದು. ಆರಿಸಿದ್ದನ್ನು ಮತ್ತೆ ಹಚ್ಚಿ ತೊಂದರೆ ಮರಳಿ ಬರುತ್ತದೆಯೇ ನೋಡಬೇಕು. ಬರದಿದ್ದರೆ, ಸರಿಹೋದದ್ದಕ್ಕೆ ಕಾರಣ ಮರುಲೋಡೋ ನೆಟ್‌ವರ್ಕೋ ಇರಬಹುದು, ಶಿಕ್ಷೆ ಮಾತ್ರ ಪಾಪದ ಎಕ್ಸ್‌ಟೆನ್ಶನ್‌ಗೆ. ಬಂದರೂ ಅದನ್ನು ಕಿತ್ತೊಗೆಯುವ ಅಗತ್ಯ ಅಪರೂಪ. ಹೆಚ್ಚಿನವಕ್ಕೆ ಆಟದ ತಾಣದಲ್ಲಷ್ಟೇ ಸುಮ್ಮನಿರುವಂತೆ ವಿನಾಯಿತಿ ಹಾಕಬಹುದು. ಇಲ್ಲವೇ ಎಕ್ಸ್‌ಟೆನ್ಶನ್‌ಗಳಿಲ್ಲದ ಪ್ರತ್ಯೇಕ ಬ್ರೌಸರ್ ಪ್ರೊಫೈಲ್ ಒಂದನ್ನು ಆಟಕ್ಕೇ ಮೀಸಲಿಡಬಹುದು. ನನ್ನ ಮತ ಎರಡನೆಯದಕ್ಕೆ. ವಿನಾಯಿತಿಗಳ ಪಟ್ಟಿ ಯಾರಿಗೂ ನೆನಪಿರುವುದಿಲ್ಲ.

ತಯಾರಕರಿಗೆ ದೂರು ಬರೆಯುವುದಾದರೆ ಬ್ರೌಸರ್‌ನ ಆವೃತ್ತಿ, ಕನ್ಸೋಲ್‌ನ ಕೆಂಪು ಸಾಲು ಇವುಗಳ ಜೊತೆಗೆ ಜಗಳವಾಡಿದ ಎರಡೂ ಎಕ್ಸ್‌ಟೆನ್ಶನ್‌ಗಳ ಹೆಸರು ಬರೆಯಿರಿ. ಒಂದನ್ನೇ ಬರೆದರೆ ಅವರ ಕಂಪ್ಯೂಟರ್‌ನಲ್ಲಿ ದಾಳ ಸರಾಗವಾಗಿ ಉರುಳುತ್ತದೆ, ದೂರು ಅಲ್ಲಿಗೇ ಮುಗಿಯುತ್ತದೆ.