ಕೊಡಲಿ ಎತ್ತದ ಅಣ್ಣಂದಿರು

ಸವದತ್ತಿ ತಾಲ್ಲೂಕಿನ ಹೂಲಿಯನ್ನು ಇತಿಹಾಸಾಸಕ್ತರು ಬಲ್ಲುದು ಅಲ್ಲಿನ ಪಂಚಲಿಂಗೇಶ್ವರ ದೇಗುಲದಿಂದ. ಆ ಸೀಮೆಯ ಜನರ ಮನಸ್ಸಿಗೆ ಅದಕ್ಕಿಂತ ಹತ್ತಿರವಾದುದು ಯಲ್ಲಮ್ಮನಗುಡ್ಡದ ಕಥೆ. ತಾಯಿ ರೇಣುಕೆಯ ತಲೆ ಕಡಿಯುವಂತೆ ಜಮದಗ್ನಿ ಮಕ್ಕಳಿಗೆ ಆಜ್ಞಾಪಿಸಿದ. ಹಿರಿಯ ಮಕ್ಕಳು ಒಪ್ಪದೆ ಶಾಪಕ್ಕೀಡಾದರು. ಕಿರಿಯ ಪರಶುರಾಮ ಕೊಡಲಿ ಎತ್ತಿದ. ತಂದೆ ಮೆಚ್ಚಿ ವರ ನೀಡಲು ಬಂದಾಗ ತಾಯಿಯ ಜೀವವನ್ನೇ ಬೇಡಿದ. ಗಂಡಸುತನದ ಎರಡು ಆದರ್ಶಗಳ ನಡುವಿನ ಜಗಳ ಅಷ್ಟು ಹಳೆಯದು. ಅಳುಕದೆ ಹೊಡೆಯುವ ಕೈ ಒಂದು. ಎತ್ತಲಾರೆ ಎನ್ನುವ ಕೈ ಇನ್ನೊಂದು.

ಪಾತಕಲೋಕವನ್ನು ಕುರಿತ ಕನ್ನಡ ಚಿತ್ರಗಳು ಈ ಜಗಳವನ್ನೇ ಮುಂದುವರಿಸಿವೆ. 1981ರ ‘ಅಂತ’ದಲ್ಲಿ ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್ ಮತ್ತು ಪಾತಕಿ ಕನ್ವರ್‌ಲಾಲ್ ಇಬ್ಬರೂ ಅಂಬರೀಷ್ ಅವರೇ. ಕರ್ತವ್ಯನಿಷ್ಠ ಅಧಿಕಾರಿ ಪಾತಕಿಯ ವೇಷ ತೊಡುತ್ತಾನೆ. ಆದರೆ ಪ್ರೇಕ್ಷಕರ ನೆನಪಿನಲ್ಲಿ ಉಳಿದದ್ದು ಕನ್ವರ್‌ಲಾಲನ ಠೀವಿ. 1995ರ ‘ಓಂ’ ಚಿತ್ರದಲ್ಲಿ ಅರ್ಚಕರ ಮಗನೇ ರೌಡಿಯಾದ. 2005ರ ‘ಜೋಗಿ’ಯಲ್ಲಿ ಮಗನನ್ನು ಹುಡುಕಿ ಬೆಂಗಳೂರಿಗೆ ಬಂದ ತಾಯಿ ಸಾಯುತ್ತಾಳೆ; ಅವಳ ಶವಯಾತ್ರೆಯೆಂದು ಅರಿಯದೆ ಮಗನೇ ಅದರ ಮುಂದೆ ಕುಣಿಯುತ್ತಾನೆ. 2018ರ ‘ಕೆಜಿಎಫ್’ನಲ್ಲಿ ತಾಯಿಗೆ ಕೊಟ್ಟ ಮಾತೇ ಹಿಂಸೆಗೆ ರಹದಾರಿ.

ಇಲ್ಲೊಂದು ಜಾಣ ಒಪ್ಪಂದವಿದೆ. ನಾಯಕ ಕೊಲ್ಲಬಲ್ಲ ಎಂಬುದಕ್ಕೆ ಶಿಳ್ಳೆ. ತಾಯಿಗಾಗಿ ಅಳಬಲ್ಲ ಎಂಬುದಕ್ಕೆ ಕ್ಷಮೆ. ಪರಶುರಾಮ ತಾಯಿಯನ್ನು ಮರಳಿ ಪಡೆದ. ನಮ್ಮ ನಾಯಕರಿಗೆ ಆ ವರವಿಲ್ಲ, ಕಣ್ಣೀರಷ್ಟೇ. ಮಾತೃಭಕ್ತಿ ಹೀಗೆ ಮಚ್ಚನ್ನು ತೊಳೆಯುವ ತೀರ್ಥವಾದಾಗ, ಆ ಮಚ್ಚಿಗೆ ಸಿಕ್ಕವನಿಗೂ ತಾಯಿಯೊಬ್ಬಳು ಇದ್ದಾಳೆಂಬುದು ಮರೆತುಹೋಗುತ್ತದೆ.

ಮಂಗಳೂರಿನ ಹಿನ್ನೆಲೆಯ ‘ಗರುಡ ಗಮನ ವೃಷಭ ವಾಹನ’ (2021) ಈ ಒಪ್ಪಂದವನ್ನು ತುಸು ಕದಡಿತು. ಅಲ್ಲಿ ಹರಿ ಮತ್ತು ಶಿವ ಎಂಬ ಇಬ್ಬರು ರೌಡಿಗಳ ಎದುರು ಬ್ರಹ್ಮಯ್ಯನೆಂಬ ಪೊಲೀಸ್ ಅಧಿಕಾರಿ ಇದ್ದಾನೆ. ಮೇಲಿನವರ ಒತ್ತಡಕ್ಕೆ ನಲುಗುವ, ಹೆದರುವ, ಸಂಕಟಪಡುವ ಮನುಷ್ಯ. ಕಡೆಗೆ ಅವನೂ ಸಂಚಿನ ದಾರಿ ಹಿಡಿಯುತ್ತಾನೆ, ನಿಜ. ಆದರೂ ಅಳುಕುವ ಗಂಡಸನ್ನು ನಗೆಪಾಟಲು ಮಾಡದೆ ಅಷ್ಟು ಹೊತ್ತು ನೋಡಿಸಿದ್ದು ಸಣ್ಣ ಸಂಗತಿಯಲ್ಲ.

ಯಲ್ಲಮ್ಮನಗುಡ್ಡದಲ್ಲಿ ಪರಶುರಾಮನಿಗೆ ಗುಡಿಯಿದೆ. ಕೊಡಲಿ ಎತ್ತಲೊಪ್ಪದ ಅಣ್ಣಂದಿರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಚಿತ್ರಮಂದಿರದ ಕತ್ತಲಲ್ಲಿ ಕುಳಿತು ಗಂಡಸಾಗುವುದನ್ನು ಕಲಿಯುತ್ತಿರುವ ಹುಡುಗರಿಗೆ ಅವರ ಕಥೆಯನ್ನೂ ಯಾರಾದರೂ ಹೇಳಬೇಕಾಗಿದೆ.