ಸೀಟು ಬದಲಾಗಲಿಲ್ಲ, ಹಾಗಾದರೆ ಮುಂದೇನು?

ಎಂಜಿನಿಯರಿಂಗ್‌ನ ಮೂರನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಕಾಲೇಜುಗಳಲ್ಲಿ ಸದ್ದಿಲ್ಲದೆ ಒಂದು ಓಡಾಟ ನಡೆಯುತ್ತದೆ. ಮೊದಲ ವರ್ಷ ಮುಗಿಸಿದ ಕೆಲವರು ಮಾರ್ಕ್ಸ್ ಕಾರ್ಡ್, ಎನ್‌ಒಸಿ ಹಿಡಿದು ಆಫೀಸಿನಿಂದ ಆಫೀಸಿಗೆ ಅಲೆಯುತ್ತಾರೆ. ಒಬ್ಬರಿಗೆ ಸಿವಿಲ್ ಬಿಟ್ಟು ಕಂಪ್ಯೂಟರ್ ಸೈನ್ಸ್ ಬೇಕು. ಇನ್ನೊಬ್ಬರಿಗೆ ಸಣ್ಣ ಊರಿನ ಕಾಲೇಜು ಬಿಟ್ಟು ಬೆಂಗಳೂರಿನ ಹೆಸರಾಂತ ಕಾಲೇಜು ಬೇಕು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಲು ಕಾಯುತ್ತಿರುತ್ತಾರೆ. ಕೆಲವರಿಗೆ ಸಿಗುತ್ತದೆ. ಬೇಡಿಕೆಯ ಕಾಲೇಜಾದರೆ ಬಹಳ ಜನಕ್ಕೆ ಸಿಗುವುದಿಲ್ಲ.

ಸಿಇಟಿಯಲ್ಲಿ ಸೀಟು ತಪ್ಪಿದರೆ ಊರೆಲ್ಲ ಸಮಾಧಾನ ಹೇಳುತ್ತದೆ. ಬದಲಾವಣೆ ಕೇಳಿ ಸಿಗದಿದ್ದರೆ ಮಾತ್ರ, “ಓದೋಕೆ ಒಂದು ಸೀಟು ಇದೆಯಲ್ಲ, ಮತ್ತೇನು?” ಅನ್ನುತ್ತಾರೆ. ನೋವು ಇರುವುದೇ ಅಲ್ಲಿ.

ಮನಸ್ಸು ಮೊದಲೇ ಹೊರಟಿತ್ತು

ಅರ್ಜಿ ಹಾಕಿದ ದಿನವೇ ಮನಸ್ಸು ಹಳೇ ಕಾಲೇಜು ಬಿಟ್ಟಿರುತ್ತದೆ. ರೂಮ್‌ಮೇಟ್‌ಗೆ ಹೇಳಿ ಆಗಿದೆ. ಹೊಸ ಊರಿನ ಪಿಜಿ ದರ ವಿಚಾರಿಸಿ ಆಗಿದೆ. ಹೊಸ ಸೆಮಿಸ್ಟರ್‌ನ ಮೊದಲ ಎರಡು ವಾರ “ಹೇಗೂ ಹೋಗ್ತೀನಲ್ಲ” ಅಂತ ಕ್ಲಾಸಿನ ಕಡೆ ಗಮನ ಕೊಟ್ಟಿಲ್ಲ. ಆಮೇಲೆ ‘ಇಲ್ಲ’ ಅನ್ನುವ ಉತ್ತರ ಬರುತ್ತದೆ. ಮರುದಿನ ಅದೇ ಬೆಂಚು, ಅದೇ ಲೆಕ್ಚರರ್, “ಏನೋ, ಹೋಗ್ಲಿಲ್ವಾ?” ಅನ್ನುವ ಅದೇ ಗೆಳೆಯರು.

ಸೀಟು ಸಿಗದವನಿಗೆ ಹೊಸ ಜಾಗ ಹುಡುಕುವ ಕೆಲಸವಾದರೂ ಇರುತ್ತದೆ. ಇಲ್ಲಿ ಬೇಡ ಅಂದುಕೊಂಡ ಜಾಗಕ್ಕೇ ಮರಳಿ ಹೋಗಿ ಇನ್ನೂ ಮೂರು ವರ್ಷ ಕೂರಬೇಕು. ಹಾಗಾಗಿ ಒಂದೆರಡು ವಾರ ಮಂಕು ಕವಿದರೆ ಅದು ಅತಿಯಾಯಿತು ಅಂದುಕೊಳ್ಳಬೇಡಿ.

ಲೆಕ್ಕ ಖಾಲಿ ಕುರ್ಚಿಯದ್ದು

ಈ ‘ಇಲ್ಲ’ ಎಲ್ಲಿಂದ ಬರುತ್ತದೆ ಅಂತ ಸರಿಯಾಗಿ ನೋಡೋಣ. ವಿಟಿಯು ವ್ಯವಸ್ಥೆಯಲ್ಲಿ ಮೂರನೇ ಸೆಮಿಸ್ಟರ್‌ಗೆ ಕಾಲೇಜು ಅಥವಾ ಬ್ರಾಂಚ್ ಬದಲಿಸಲು ಅವಕಾಶ ಸಿಗುವುದು ಆ ಬ್ರಾಂಚ್‌ನಲ್ಲಿ ಸೀಟು ಖಾಲಿ ಇದ್ದರೆ ಮಾತ್ರ. ಒಂದು ಬ್ರಾಂಚ್‌ಗೆ 60 ಸೀಟು ಮಂಜೂರಾಗಿದೆ ಅಂದುಕೊಳ್ಳಿ. ಮೊದಲ ವರ್ಷ ಎಲ್ಲವೂ ತುಂಬಿದ್ದವು, ಆಮೇಲೆ ಇಬ್ಬರು ಬಿಟ್ಟು ಹೋದರು. ಖಾಲಿ ಆದದ್ದು 2 ಸೀಟು. ಅರ್ಜಿ 40 ಬಂದರೆ 38 ಜನಕ್ಕೆ ‘ಇಲ್ಲ’. ಆ 38 ಜನರಲ್ಲಿ ಒಂಬತ್ತರ ಮೇಲೆ ಸಿಜಿಪಿಎ ಇರುವವರೂ ಇರಬಹುದು. ಯಾರೂ ಬಿಟ್ಟೇ ಹೋಗದಿದ್ದರೆ ಮೊದಲ ರ‍್ಯಾಂಕಿನವರಿಗೂ ಅದೇ ಉತ್ತರ.

ಅಂದರೆ ಈ ‘ಇಲ್ಲ’ ನಿಮ್ಮ ಯೋಗ್ಯತೆಯ ಮೇಲೆ ಬಂದ ತೀರ್ಪಲ್ಲ. ಒಳಗಿದ್ದವರಲ್ಲಿ ಎಷ್ಟು ಜನ ಎದ್ದು ಹೋದರು ಅನ್ನುವ ಲೆಕ್ಕ. ಅದು ನಿಮ್ಮ ಕೈಯಲ್ಲಿರಲಿಲ್ಲ.

ಈ ಓಟದ ಬಿಸಿ ದೊಡ್ಡ ಸಂಸ್ಥೆಗಳಿಗೂ ತಟ್ಟಿದೆ. ಐಐಟಿಗಳಲ್ಲಿ ಮೊದಲ ವರ್ಷದ ಅಂಕದ ಮೇಲೆ ಬ್ರಾಂಚ್ ಬದಲಿಸುವ ಪದ್ಧತಿ ಬಹಳ ಕಾಲ ಇತ್ತು. ಮೊದಲ ವರ್ಷದ ಮಕ್ಕಳ ಮೇಲೆ ಇದರಿಂದ ಒತ್ತಡ ಹೆಚ್ಚುತ್ತಿದೆ ಅಂತ 2023ರ ಹೊತ್ತಿಗೆ ಐಐಟಿ ಬಾಂಬೆ ಸೇರಿ ಕೆಲವು ಐಐಟಿಗಳು ಅದನ್ನು ಕೈಬಿಟ್ಟವು.

ಊರಲ್ಲಿ ಕೇಳ್ತಾರಲ್ಲ!

ಸಿದ್ದಾಪುರ ತಾಲ್ಲೂಕಿನ ತ್ಯಾಗಲಿಯಂಥ ಊರಿನಿಂದ ಓದಲು ಹೋದವರಿಗೆ ಇನ್ನೊಂದು ಪರೀಕ್ಷೆ ಇದೆ. ಉತ್ತರ ಕನ್ನಡದಲ್ಲಿ ಭಟ್ಕಳ, ಹಳಿಯಾಳ, ಕಾರವಾರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಆಚೆ ಹೋದರೆ ಹುಬ್ಬಳ್ಳಿ, ಧಾರವಾಡ, ಶಿವಮೊಗ್ಗ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಿಂದ ಇವೆಲ್ಲ ದೂರವೇ. ಎಂಜಿನಿಯರಿಂಗ್ ಅಂದರೆ ಮನೆ ಬಿಡುವುದು, ಹಾಸ್ಟೆಲ್, ಖರ್ಚು. ಒಂದು ವರ್ಷ ಕೊಳೆ ರೋಗ, ಇನ್ನೊಂದು ವರ್ಷ ಎಲೆಚುಕ್ಕಿ ಅಂತ ಅಡಿಕೆ ಕೈಕೊಡುವ ಕಾಲದಲ್ಲೂ ಅಪ್ಪಯ್ಯ ಫೀಸಿಗೆ ಹೊಂದಿಸಿರುತ್ತಾರೆ. ಈಗ ಬೆಂಗಳೂರಿನ ಖರ್ಚಿಗೆ ಸೊಸೈಟಿಯಲ್ಲೂ ಒಂದು ಮಾತು ಹೇಳಿಟ್ಟಿರುತ್ತಾರೆ.

ದೊಡ್ಡಹಬ್ಬಕ್ಕೆ ಊರಿಗೆ ಹೋದರೆ ಜಗಲಿಯಲ್ಲಿ ಕವಳ ಹಾಕುತ್ತ ಕುಳಿತವರ ಮೊದಲ ಪ್ರಶ್ನೆ: “ಎಂತಾತು ಮಾಣಿ, ಕಾಲೇಜು ಬದ್ಲಾತಾ?”

ಉದ್ದ ಕಥೆ ಬೇಡ. “ಆಜಿಲ್ಲೆ ಮಾವ, ಅಲ್ಲಿ ಸೀಟು ಖಾಲಿ ಇತ್ತಿಲ್ಲೆ. ಇಲ್ಲೇ ಓದ್ತಾ ಇದ್ದಿ.” ಇಷ್ಟು ಸಾಕು. ಇದು ನಿಜವೂ ಹೌದು. ಕೇಳಿದವರು ಎರಡನೇ ಸಲ ಕೇಳುವುದು ಕಡಿಮೆ. ತಪ್ಪಿಸಿಕೊಂಡು ತಿರುಗಿದರೇ ಮಾತು ಬೆಳೆಯುವುದು.

ಅಪ್ಪ-ಅಮ್ಮನಿಗೆ ಮಾತ್ರ ಪೂರ್ತಿ ಹೇಳಿ, ಅದೂ ಬೇಗ. ವಿಷಯ ಮುಚ್ಚಿಟ್ಟಷ್ಟು ದಿನ ಅವರು ಆಗದ ಖರ್ಚಿಗೆ ದುಡ್ಡು ಹೊಂದಿಸುತ್ತಲೇ ಇರುತ್ತಾರೆ.

ಇನ್ನೊಂದು ಎಚ್ಚರಿಕೆ. ‘ಇಲ್ಲ’ ಬಂದ ವಾರದಲ್ಲೇ “ಸ್ವಲ್ಪ ಖರ್ಚಾಗ್ತದೆ, ನಾನು ಮಾಡಿಸಿ ಕೊಡ್ತೆ” ಅನ್ನುವವರು ಎದುರಾಗಬಹುದು. ಕಾಲೇಜಿನ ರಸೀದಿ, ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರ ಎರಡೂ ಇಲ್ಲದ ಯಾವ ಸೀಟೂ ಸೀಟಲ್ಲ. ಮನೆಯವರಿಗೆ ಇದನ್ನು ನೀವೇ ಮೊದಲು ಹೇಳಿಡಿ. ಮಕ್ಕಳ ಸಪ್ಪೆ ಮುಖ ನೋಡಲಾರದೆ ದುಡ್ಡು ಕೊಡುವವರು ಅವರೇ.

ನಿಮಗೆ ಬೇಕಿದ್ದದ್ದು ನಿಜಕ್ಕೂ ಏನು?

ಸ್ವಲ್ಪ ದಿನ ಕಳೆದ ಮೇಲೆ ಒಂದು ಹಾಳೆ ತೆಗೆದುಕೊಂಡು ಬದಲಾವಣೆ ಯಾಕೆ ಕೇಳಿದ್ದೆ ಅಂತ ಬರೆಯಿರಿ. ‘ಒಳ್ಳೆ ಕಾಲೇಜು’ ಅಂತ ಬರೆದು ನಿಲ್ಲಿಸಬೇಡಿ, ಅದನ್ನು ಬಿಡಿಸಿ. ಕೋಡಿಂಗ್ ಕಲಿಯಬೇಕಿತ್ತಾ? ಕ್ಯಾಂಪಸ್ ಇಂಟರ್‌ವ್ಯೂಗೆ ಬರುವ ಕಂಪನಿಗಳಾ? ಬೆಂಗಳೂರಾ? ಅಥವಾ ಈಗಿನ ಜಾಗದಲ್ಲಿ ಒಂಟಿ ಅನ್ನಿಸುತ್ತಿತ್ತಾ?

ಸೀಟು ಒಂದೇ ಆದರೂ ಅದರೊಳಗಿನ ಆಸೆ ನಾಲ್ಕೈದು. ಸೀಟು ಸಿಗಲಿಲ್ಲ ಅಂದರೆ ಎಲ್ಲವೂ ಒಟ್ಟಿಗೆ ಹೋಯಿತು ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಕೆಲವಕ್ಕೆ ಬೇರೆ ದಾರಿ ಇದೆ.

ಕಲಿಕೆಯೇ ಬೇಕಿದ್ದರೆ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು ಪುಕ್ಕಟೆ ಸಿಗುತ್ತವೆ. ದುಡ್ಡು ಕೊಡಬೇಕಾದದ್ದು ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ. 18ರಿಂದ 20 ಹೆಚ್ಚುವರಿ ಕ್ರೆಡಿಟ್ ಓದಿದರೆ ಬೇರೆ ವಿಷಯದಲ್ಲಿ ಮೈನರ್ ಡಿಗ್ರಿ ಕೊಡಲು ಎಐಸಿಟಿಇ ಅವಕಾಶ ಮಾಡಿದೆ. ನಿಮ್ಮ ಕಾಲೇಜಿನಲ್ಲಿ ಇದೆಯಾ ಕೇಳಿ. ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಆನ್‌ಲೈನ್ ಡೇಟಾ ಸೈನ್ಸ್ ಕೋರ್ಸ್‌ಗೆ ಜೆಇಇ ಬರೆದಿರಲೇಬೇಕು ಅಂತಿಲ್ಲ, ಅವರದೇ ಅರ್ಹತಾ ಹಂತ ದಾಟಿದರೆ ಆಯಿತು. ಒಟ್ಟಿಗೆ ಎರಡು ಡಿಗ್ರಿ ಓದಲು ಯುಜಿಸಿ 2022ರಲ್ಲಿ ಒಪ್ಪಿದೆ. ಆದರೆ ಎಂಜಿನಿಯರಿಂಗ್ ಜೊತೆ ಅದು ಹಗುರ ಹೊರೆಯಲ್ಲ, ಹಟಕ್ಕೆ ಸೇರಬೇಡಿ.

ಕಂಪನಿಗಳೇ ಬೇಕಿದ್ದರೆ ಇಂಟರ್ನ್‌ಶಿಪ್, ಆಫ್-ಕ್ಯಾಂಪಸ್ ಅರ್ಜಿ, ಊರಿನ ಸೀನಿಯರ್‌ಗಳ ರೆಫರಲ್ ಇವೆ. ಕ್ಯಾಂಪಸ್ಸಿಗೇ ಕಂಪನಿ ಬರುವಷ್ಟು ಸುಲಭ ಅಲ್ಲ. ನೂರು ಅರ್ಜಿಗೆ ಎರಡು ಉತ್ತರ ಬರುವ ಕೆಲಸ. ಒಂಟಿತನವೇ ಕಾರಣವಾಗಿದ್ದರೆ ಅದು ಹೊಸ ಕಾಲೇಜಿಗೂ ಜೊತೆಗೇ ಬರುತ್ತಿತ್ತು.

ಎರಡನೇ ಬಾಗಿಲು

ಬೇಕಾದ ಸಂಸ್ಥೆಗೆ ಪದವಿಯಲ್ಲೇ ಸೇರಬೇಕು ಅಂತ ನಿಯಮವಿಲ್ಲ. ಶಿಡ್ಲಘಟ್ಟದಲ್ಲಿ ಹುಟ್ಟಿದ ನಾರಾಯಣ ಮೂರ್ತಿಯವರು ಐಐಟಿ ಪ್ರವೇಶ ಪರೀಕ್ಷೆ ಪಾಸಾಗಿದ್ದರು. ಶಾಲಾ ಮೇಷ್ಟರಾಗಿದ್ದ ತಂದೆಗೆ ಖರ್ಚು ಭರಿಸಲು ಆಗಲಿಲ್ಲ. ಮೈಸೂರಿನ ಎನ್‌ಐಇಯಲ್ಲೇ ಓದಿ 1967ರಲ್ಲಿ ಪದವಿ ಪಡೆದರು, 1969ರಲ್ಲಿ ಐಐಟಿ ಕಾನ್ಪುರದಿಂದ ಎಂ.ಟೆಕ್ ಮುಗಿಸಿದರು. ಅವರಿಗೆ ಅಡ್ಡ ಬಂದದ್ದು ದುಡ್ಡು, ನಿಮಗೆ ಅಡ್ಡ ಬಂದದ್ದು ಖಾಲಿ ಸೀಟಿನ ಲೆಕ್ಕ. ಮುಚ್ಚಿದ ಬಾಗಿಲಿನ ಮುಂದೆಯೇ ಅವರು ನಿಲ್ಲಲಿಲ್ಲ ಅನ್ನುವುದಷ್ಟೇ ಇಲ್ಲಿ ಮುಖ್ಯ.

ಇವತ್ತು ಆ ಎರಡನೇ ಬಾಗಿಲಿನ ಹೆಸರು ಗೇಟ್ ಪರೀಕ್ಷೆ. ಮೂರನೇ ವರ್ಷದಲ್ಲೇ ಬರೆಯಬಹುದು, ಅಂಕಕ್ಕೆ ಮೂರು ವರ್ಷ ಬೆಲೆ ಇರುತ್ತದೆ. ಓದಿದ ಬ್ರಾಂಚ್‌ನ ಪೇಪರನ್ನೇ ಬರೆಯಬೇಕೆಂದಿಲ್ಲ. ಸಿವಿಲ್ ಓದುವವರು ಕಂಪ್ಯೂಟರ್ ಸೈನ್ಸ್ ಪೇಪರ್ ಬರೆಯಬಹುದು. 2024ರಿಂದ ಡೇಟಾ ಸೈನ್ಸ್ ಮತ್ತು ಎಐ ಪೇಪರೂ ಇದೆ. ಯಾವ ಪದವಿಗೆ ಯಾವ ಎಂ.ಟೆಕ್ ಅನ್ನುವುದನ್ನು ಮಾತ್ರ ಆಯಾ ಸಂಸ್ಥೆಯ ಪ್ರಕಟಣೆಯಲ್ಲಿ ಮೊದಲೇ ನೋಡಿಕೊಳ್ಳಿ.

ಈ ತಿಂಗಳ ಕೆಲಸ

ದೊಡ್ಡ ಯೋಜನೆ ಆಮೇಲಾಯಿತು. ಈಗಿನ ಅಪಾಯ ಮೂರನೇ ಸೆಮಿಸ್ಟರ್ರೇ. ಬೇಜಾರಿನಲ್ಲಿ ಕ್ಲಾಸು ತಪ್ಪಿಸಿ, ಇಂಟರ್ನಲ್ಸ್ ಬಿಟ್ಟು ಎರಡು ವಿಷಯ ಬ್ಯಾಕ್ ಉಳಿದರೆ ಮುಂದೆ ಇಂಟರ್‌ವ್ಯೂ ಅರ್ಹತೆಗೂ ಕುತ್ತು. ತಪ್ಪಿದ ಪಾಠದ ನೋಟ್ಸ್ ಈ ವಾರವೇ ಇಸಕೊಳ್ಳಿ. ಹಾಜರಿ ಎಷ್ಟಿದೆ ನೋಡಿ. ನಿಮ್ಮ ಪಾಠ ಇಷ್ಟವಾಯಿತು ಅನ್ನಿಸುವ ಒಬ್ಬ ಲೆಕ್ಚರರ್ ಆ ಕಾಲೇಜಿನಲ್ಲಿ ಇದ್ದೇ ಇರುತ್ತಾರೆ, ಹೋಗಿ ಮಾತಾಡಿ.

ನಿದ್ದೆ, ಊಟ ಕೆಟ್ಟು ಎರಡು ವಾರ ದಾಟಿದರೆ ಅಥವಾ ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಆಗಲೇ ಕೆಲಸದಲ್ಲಿರುವವರಿಗೆ

ಇದನ್ನು ಆಫೀಸ್ ಕ್ಯಾಬಲ್ಲಿ ಕೂತು ಓದುತ್ತಿರುವ ಅಣ್ಣ, ಅಕ್ಕಂದಿರಿಗೂ ಒಂದು ಮಾತು. ನಿಮ್ಮ ಟೀಮಲ್ಲಿ ಯಾರು ಯಾವ ಕಾಲೇಜು ಅಂತ ನಿಮಗೆ ಕೊನೆಯ ಸಲ ನೆನಪಾದದ್ದು ಯಾವಾಗ? ಮೊದಲ ಕೆಲಸ ಹುಡುಕುವಾಗ ಕಾಲೇಜಿನ ಹೆಸರು ಲೆಕ್ಕಕ್ಕೆ ಬರುತ್ತದೆ, ಸುಳ್ಳು ಹೇಳುವುದು ಬೇಡ. ಆಮೇಲೆ ಅದರ ತೂಕ ಇಳಿಯುತ್ತ ಹೋಗುವುದನ್ನೂ ನೀವು ಕಂಡಿದ್ದೀರಿ. ಊರಿನ ಆ ಹುಡುಗನಿಗೆ ಅಥವಾ ಹುಡುಗಿಗೆ ಈ ಭಾನುವಾರ ಒಂದು ಫೋನ್ ಮಾಡಿ. ಉಪದೇಶ ಬೇಡ. “ರೆಸ್ಯೂಮೆ ಕಳಿಸು, ನೋಡ್ತೆ” ಅನ್ನಿ. ಕಳಿಸಿದ ಮೇಲೆ ನಿಜವಾಗಿಯೂ ನೋಡಿ.